ಗಂಗಾವತಿಯಿಂದ ಕುರುಗೋಡಿಗೆ, ಎರಡು ಗಾಡಿಗಳಲ್ಲಿ

ಹೋದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ, ಕಂಪ್ಲಿ ದಾಟಿ ಎಮ್ಮಿಗನೂರಿನ ಹತ್ತಿರ ನಮ್ಮ ಹಳೆಯ ಪದ್ಮಿನಿ ಕಾರು ನಿಂತುಬಿಟ್ಟಿತು. ಹೊಗೆ ಬರಲಿಲ್ಲ, ಸದ್ದೂ ಆಗಲಿಲ್ಲ. ಎರಡು ಸಲ ಮುಗ್ಗರಿಸಿ ಸುಮ್ಮನಾಯಿತು. ಇದ್ದ ವೇಗದಲ್ಲೇ ಉರುಳಿಸಿಕೊಂಡು ಹೋಗಿ ಬೇವಿನ ಮರದ ನೆರಳಿಗೆ ಹಚ್ಚಿದೆ. ಹಿಂದೆ ಕೂತಿದ್ದ ಅವ್ವ ಏನೂ ಕೇಳಲಿಲ್ಲ. ಕಾಲ ಬುಡದಲ್ಲಿದ್ದ ನೀರಿನ ಕ್ಯಾನು ಎತ್ತಿದಳು, ಮಡಚಿಟ್ಟಿದ್ದ ಬಟ್ಟೆ ಎತ್ತಿದಳು, ಎರಡನ್ನೂ ಮುಂದೆ ಕೊಟ್ಟಳು.

ಪಕ್ಕದಲ್ಲಿ ಕೂತಿದ್ದ ಮಗನಿಗೆ ಹತ್ತೊಂಬತ್ತು ವರ್ಷ. ಗಾಡಿ ಹೀಗೆ ನಡುದಾರಿಯಲ್ಲಿ ನಿಂತದ್ದನ್ನು ಅವನು ನೋಡಿಯೇ ಇರಲಿಲ್ಲ.

"ಅಮ್ಮಾ, ಗ್ಯಾರೇಜಿಗೆ ಫೋನ್ ಮಾಡ್ಲಾ?"

"ಏನೂ ಬ್ಯಾಡಪ್ಪಾ. ಏರ್ ಹಿಡಿದೈತಿ. ಹತ್ತು ನಿಮಿಷ ಸುಮ್ನ ಕುಂದ್ರು" ಎಂದಳು ಅವ್ವ.

ಬಾನೆಟ್ ಎತ್ತಿದೆ. ಬಿಸಿಗಾಳಿ ಮುಖಕ್ಕೆ ಬಡಿಯಿತು. ಎಂಜಿನ್ನಿನ ಮಗ್ಗುಲಿಗೆ ಮುಷ್ಟಿಗಾತ್ರದ ಪೆಟ್ರೋಲ್ ಪಂಪು ಇದೆ. ಬಟ್ಟೆಯನ್ನು ಚೆನ್ನಾಗಿ ತೋಯಿಸಿ, ಹಿಂಡದೆ, ಅದರ ಮೇಲೆ ಹೊದಿಸಿದೆ. ಚುಯ್ ಎಂದಿತು. ಮತ್ತೆ ನೀರು ಹಾಕಿದೆ. ಮೂರನೇ ಸಲಕ್ಕೆ ಸದ್ದು ಬರಲಿಲ್ಲ. ಆ ಬಟ್ಟೆ ಅವ್ವನ ಹಳೆಯ ಹತ್ತಿ ಸೀರೆಯದು. ಅಂಚಿನ ಕೆಂಪು ಇನ್ನೂ ಹಾಗೇ ಇದೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗಿನಿಂದ ಈ ಗಾಡಿಯಲ್ಲಿ ಅಂಥದ್ದೊಂದು ತುಂಡು ಇದ್ದೇ ಇದೆ. ಒಂದು ಪೂರ್ತಿ ಜೀರ್ಣವಾದರೆ ಇನ್ನೊಂದು ಸೀರೆಯಿಂದ ಹರಿದು ಕೊಡುತ್ತಾಳೆ.

ಮಗ ಏನಾಗಿದೆ ಅಂತ ಕೇಳಿದ. ಹೇಳಿದೆ. ಟ್ಯಾಂಕು ಹಿಂದಿದೆ, ಪಂಪು ಮುಂದಿದೆ. ಪೆಟ್ರೋಲನ್ನು ಅಷ್ಟು ದೂರದಿಂದ ಹೀರಿಕೊಳ್ಳಬೇಕು. ಹೀರುವ ಪೈಪಿನಲ್ಲಿ ಒತ್ತಡ ಕಡಿಮೆ, ಪಕ್ಕದಲ್ಲೇ ಕಾದ ಎಂಜಿನ್, ಮೇಲೆ 40 ಡಿಗ್ರಿ ದಾಟಿದ ಬಿಸಿಲು. ಪೆಟ್ರೋಲು ಪೈಪಿನೊಳಗೇ ಆವಿಯಾಗುತ್ತದೆ. ಪಂಪಿಗೆ ಪೆಟ್ರೋಲನ್ನು ತಳ್ಳಲು ಬರುತ್ತದೆ, ಆವಿಯನ್ನು ತಳ್ಳಲು ಬರುವುದಿಲ್ಲ. ಕಾರ್ಬುರೇಟರು ಬರಿದಾಗಿ ಗಾಡಿ ನಿಲ್ಲುತ್ತದೆ. ತಣ್ಣಗಾದರೆ ಆವಿ ಮತ್ತೆ ಪೆಟ್ರೋಲಾಗುತ್ತದೆ. ಕಾರ್ಬುರೇಟರ್ ಕಾಲದ ಗಾಡಿಗಳಿಗೆ ನಮ್ಮ ಕಡೆಯ ಬೇಸಿಗೆಯಲ್ಲಿ ಇದು ಬರುತ್ತಲೇ ಇತ್ತು. ಈಗಿನ ಗಾಡಿಗಳಲ್ಲಿ ಪಂಪು ಟ್ಯಾಂಕಿನ ಒಳಗೇ ಮುಳುಗಿರುತ್ತದೆ, ಅಲ್ಲಿಂದ ಜೋರಾಗಿ ಒತ್ತಿ ಕಳಿಸುತ್ತದೆ. ಕುಕ್ಕರಿನಲ್ಲಿ ಒತ್ತಡ ಇದ್ದಾಗ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ ಅಲ್ವಾ, ಹಾಗೇ ಒತ್ತಡದಲ್ಲಿರುವ ಪೆಟ್ರೋಲು ಬೇಗ ಆವಿಯಾಗುವುದಿಲ್ಲ.

ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದೆ. ಎರಡನೇ ಸಲಕ್ಕೆ ಹಿಡಿಯಿತು. ಅರ್ಧ ಗಂಟೆಯಲ್ಲಿ ಕುರುಗೋಡಿನ ಬಂಡೆಗುಡ್ಡಗಳು ಕಾಣಿಸಿದವು.

ಈ ಗಾಡಿ 1978ರದ್ದು. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಇಟಲಿಯ ಫಿಯೆಟ್ 1100 ಗಾಡಿಯನ್ನು ಲೈಸೆನ್ಸಿನ ಮೇಲೆ ತಯಾರಿಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಅದಕ್ಕೆ ಪದ್ಮಿನಿ ಅಂತ ಹೆಸರಾಯಿತು. ನಮ್ಮ ಊರಿನ ಹಿರಿಯರು ಮಾತ್ರ ಇವತ್ತಿಗೂ "ಫೇಟ್ ಗಾಡಿ" ಅಂತಲೇ ಅನ್ನುತ್ತಾರೆ. 1089 ಸಿಸಿ ಎಂಜಿನ್. ಶಕ್ತಿ ಸುಮಾರು 40 ಕುದುರೆಯಷ್ಟು. ಗೇರಿನ ಕಡ್ಡಿ ಸ್ಟೀರಿಂಗ್ ಪಕ್ಕದಲ್ಲೇ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಅಪ್ಪ ಇದನ್ನು 1986ರಲ್ಲಿ ರಾಯಚೂರಿನ ಡಾಕ್ಟರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಆಗಿ ತಂದರು. ಆಗ ಗಂಗಾವತಿ ರಾಯಚೂರು ಜಿಲ್ಲೆಯಲ್ಲೇ ಇತ್ತು, ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಸಿಂಧನೂರು, ಕಾರಟಗಿ ಮೇಲೆ ಹಾದು ಬಂದ ಆ ಸಂಜೆ ನಮ್ಮ ಓಣಿಯ ಮಕ್ಕಳೆಲ್ಲ ಗಾಡಿಯ ಸುತ್ತ ನಿಂತಿದ್ದೆವು. ಮುಂದಿನ ಬಾಗಿಲಲ್ಲಿ ಒಂದು ಚಿಕ್ಕ ಮೂರು ಮೂಲೆಯ ಗಾಜು ಇರುತ್ತದೆ. ಅದನ್ನು ತಿರುಗಿಸಿದರೆ ಗಾಳಿ ನೇರ ಎದೆಗೆ ಬರುತ್ತದೆ. ಅಪ್ಪ ಅದನ್ನು ತೋರಿಸಿ, "ಇದರ ಮುಂದ ಫ್ಯಾನು ಯಾಕ ಬೇಕು" ಅಂದಿದ್ದರು.

ಅಪ್ಪ ಹೋಗಿ ಹದಿನಾಲ್ಕು ವರ್ಷವಾಯಿತು. ಗಾಡಿ ನನ್ನ ಹತ್ತಿರ ಉಳಿಯಿತು, ಯಾಕಂದರೆ ಮನೆಯಲ್ಲಿ ಅದನ್ನು ಓಡಿಸಲು ಕಲಿತದ್ದು ನಾನೊಬ್ಬಳೇ.

ಎರಡನೆಯದು ಎಸ್‌ಯುವಿ. 2023ರಲ್ಲಿ ನಮ್ಮ ಮನೆಯವರು ತಗೊಂಡರು. ಪಕ್ಕಪಕ್ಕ ನಿಲ್ಲಿಸಿದರೆ ಪದ್ಮಿನಿ ಅದರ ಮರಿಯ ಹಾಗೆ ಕಾಣುತ್ತದೆ. ಒಂದು ದಿನ ಮಗ ಟೇಪು ಹಿಡಿದು ಅಳೆದ. ಉದ್ದದಲ್ಲಿ ಎರಡಕ್ಕೂ ಒಂದು ಗೇಣಿನಷ್ಟೂ ವ್ಯತ್ಯಾಸ ಇಲ್ಲ! ನಂಬಲು ಆಗಲಿಲ್ಲ, ಇನ್ನೊಮ್ಮೆ ಅಳೆಸಿದೆ. ಕಾರಣ ತೆರಿಗೆ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದರು. ಅಂದಿನಿಂದ ಕಂಪನಿಗಳು ಎಸ್‌ಯುವಿಯನ್ನೂ ನಾಲ್ಕು ಮೀಟರಿಗೆ ಐದು ಮಿಲಿಮೀಟರ್ ಕಮ್ಮಿ ಇರುವ ಹಾಗೆ ಹಿಂದಿನಿಂದ ಕತ್ತರಿಸಿ ಮಾಡತೊಡಗಿದವು. ಅಂದರೆ ನಮ್ಮ ಕಣ್ಣಿಗೆ ದೊಡ್ಡದಾಗಿ ಕಾಣುವುದು ಉದ್ದ ಅಲ್ಲ, ಎತ್ತರ. ತೂಕದಲ್ಲಿ ಮಾತ್ರ ನಿಜವಾಗಿಯೂ ಅಂತರ ಇದೆ. ಪದ್ಮಿನಿ 900 ಕೆಜಿಯ ಹತ್ತಿರ, ಇದು 1200 ಕೆಜಿ ದಾಟುತ್ತದೆ.

ಎತ್ತರದ ಕಷ್ಟ ಮೊದಲು ಗೊತ್ತಾದದ್ದು ಅವ್ವನಿಗೆ. ಎಪ್ಪತ್ತೆಂಟು ವಯಸ್ಸು, ಮೊಣಕಾಲು ನೋವು, ಉಟ್ಟದ್ದು ಸೀರೆ. ಪದ್ಮಿನಿಯ ಸೀಟು ಮನೆಯ ಕುರ್ಚಿಯ ಎತ್ತರದಲ್ಲಿದೆ, ಹಿಂದೆ ಸರಿದು ಕೂತರೆ ಆಯಿತು. ಎಸ್‌ಯುವಿಗೆ ಹತ್ತಬೇಕು. ಈಗ ಡಿಕ್ಕಿಯಲ್ಲಿ ಒಂದು ಮಣೆ ಇಟ್ಟುಕೊಂಡಿದ್ದೇವೆ. ಮೊದಲು ಅದನ್ನು ಇಳಿಸಿ ಬಾಗಿಲ ಮುಂದೆ ಇಡಬೇಕು, ಅವ್ವ ಬಲಗಾಲು ಇಟ್ಟು, ನನ್ನ ಹೆಗಲು ಹಿಡಿದು ಹತ್ತುತ್ತಾಳೆ. ಒಳಗೆ ಕೂತು ಎಸಿ ತಾಗಿದ ಮೇಲೆ ಮಾತ್ರ ಅವಳ ಮುಖ ಅರಳುತ್ತದೆ. ಬೇಸಿಗೆಯಲ್ಲಿ ಈ ಗಾಡಿ ಅವಳಿಗೆ ದೊಡ್ಡ ಉಪಕಾರ ಮಾಡಿದೆ.

ಏಪ್ರಿಲ್‌ನ ಆ ದಿನ ಪದ್ಮಿನಿಯಲ್ಲೇ ಹೋಗೋಣ ಅಂದವಳೂ ಅವ್ವನೇ. ಕುರುಗೋಡಿನಲ್ಲಿ ಅವಳ ತಮ್ಮನ ಮನೆ. ಮಾವ ಬಾಗಿಲಲ್ಲೇ ಕಾಯುತ್ತಿದ್ದರು. ಬಾನೆಟ್ ಮೇಲೆ ಅಂಗೈ ಇಟ್ಟು ಎರಡು ಸಲ ತಟ್ಟಿದರು. ಖಣ್ ಎಂದಿತು.

"ನೋಡವ್ವಾ, ಆಗಿನ ಕಬ್ಬಿಣನ ಬ್ಯಾರೆ. ಈಗಿನವು ಡಬ್ಬಿ."

ಈ ಮಾತನ್ನು ನಾನು ನೂರು ಸಲ ಕೇಳಿದ್ದೇನೆ. ನೀವೂ ಕೇಳಿರುತ್ತೀರಿ. ಆದರೆ ಮಾವನ ಬಾಯಲ್ಲಿ ಕೇಳಿದರೆ ನನಗೆ ಕಷ್ಟವಾಗುತ್ತದೆ. 1994ರಲ್ಲಿ, ಹಗರಿ ದಾಟಿ ಸ್ವಲ್ಪ ಮುಂದೆ, ಅವರ ಹಳೆಯ ಕಾರು ಜಾಲಿ ಮರಕ್ಕೆ ಗುದ್ದಿತು. ವೇಗ ಜಾಸ್ತಿ ಇರಲಿಲ್ಲ. ಬಂಪರು ನೆಗ್ಗಿತು, ಒಂದು ಲೈಟು ಒಡೆಯಿತು, ಅಷ್ಟೇ. ಮಾವನ ಪಕ್ಕೆಲುಬು ನಾಲ್ಕು ಮುರಿದವು. ಎದೆ ಸ್ಟೀರಿಂಗಿಗೆ ಬಡಿದಿತ್ತು. ಇವತ್ತಿಗೂ ಚಳಿಗಾಲದಲ್ಲಿ ಅವರು ಎಡಗಡೆ ಮಲಗುವುದಿಲ್ಲ. ಆಗ ನೋಡಲು ಬಂದವರೆಲ್ಲ ಹೇಳಿದ್ದು ಒಂದೇ: "ಗಾಡಿ ಗಟ್ಟಿ ಇತ್ತು, ಅದಕ್ಕ ಜೀವ ಉಳೀತು." ನಾನೂ ಹಾಗೇ ನಂಬಿದ್ದೆ.

ನಂಬಿಕೆ ಬಿಟ್ಟದ್ದು ಒಂದು ವಿಡಿಯೊ ನೋಡಿದ ಮೇಲೆ. ಅಮೆರಿಕದಲ್ಲಿ ವಿಮಾ ಕಂಪನಿಗಳೇ ನಡೆಸುವ ಒಂದು ರಸ್ತೆ ಸುರಕ್ಷತಾ ಸಂಸ್ಥೆ ಇದೆ. 2009ರಲ್ಲಿ ಅದಕ್ಕೆ ಐವತ್ತು ವರ್ಷ ತುಂಬಿದಾಗ 1959ರ ಷೆವರ್ಲೆ ಬೆಲ್ ಏರ್ ಕಾರನ್ನೂ 2009ರ ಷೆವರ್ಲೆ ಮಾಲಿಬು ಕಾರನ್ನೂ ಎದುರುಬದುರು ಗುದ್ದಿಸಿದರು. ಎರಡೂ ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿದ್ದವು. ಬೆಲ್ ಏರ್ ಉದ್ದವಾದ, ಭಾರೀ ಕಬ್ಬಿಣದ ಗಾಡಿ. ಗುದ್ದಿದ ಕೂಡಲೇ ಅದರ ಒಳಗಿನ ಜಾಗವೇ ಕುಸಿದು, ಸ್ಟೀರಿಂಗು ಡ್ರೈವರ್ ಗೊಂಬೆಯ ಕಡೆಗೆ ನುಗ್ಗಿತು. ಮಾಲಿಬು ಕಾರಿನ ಮೂತಿ ಪೂರ್ತಿ ಮುದ್ದೆಯಾಯಿತು, ಆದರೆ ಒಳಗೆ ಜನ ಕೂರುವ ಜಾಗ ಹಾಗೇ ಉಳಿಯಿತು. ಅದನ್ನು ನಿಲ್ಲಿಸಿ ನಿಲ್ಲಿಸಿ ನಾಲ್ಕು ಸಲ ನೋಡಿದೆ. ನೋಡುವಾಗ ಮಾವನ ಎದೆಯೇ ಕಣ್ಣ ಮುಂದೆ ಇತ್ತು.

ನಮ್ಮ ಕಡೆಯವರಿಗೆ ಇದು ಅರ್ಥವಾಗಲು ದೊಡ್ಡ ವಿಜ್ಞಾನ ಬೇಕಿಲ್ಲ. ಗಂಗಾವತಿಯ ಸುತ್ತ ಎರಡೇ ಕಾಣುತ್ತವೆ, ಬಂಡೆ ಮತ್ತು ಭತ್ತದ ಹುಲ್ಲಿನ ಬಣವೆ. ಮೇಲಿಂದ ಬಿದ್ದರೆ ಯಾವುದರ ಮೇಲೆ ಬೀಳಬೇಕು? ಬಣವೆ ಕುಸಿಯುತ್ತದೆ, ಅದಕ್ಕೇ ನಾವು ಉಳಿಯುತ್ತೇವೆ. ಈಗಿನ ಗಾಡಿಯ ಮುಂಭಾಗ ಬೇಕೆಂತಲೇ ಕುಸಿಯುವ ಹಾಗೆ ಮಾಡಿರುತ್ತಾರೆ. ಜನ ಕೂರುವ ಜಾಗವನ್ನು ಮಾತ್ರ ಬಂಡೆಯ ಹಾಗೆ ಬಿಗಿಯುತ್ತಾರೆ. ಜೊತೆಗೆ ಹೆಗಲಿನಿಂದ ಸೊಂಟಕ್ಕೆ ಬರುವ ಬೆಲ್ಟು. ಅದನ್ನು ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ್ದು 1959ರಲ್ಲೇ. ನಮ್ಮ 1978ರ ಗಾಡಿಗೆ ಬೆಲ್ಟೇ ಬಂದಿರಲಿಲ್ಲ. ನಾನು ಆಮೇಲೆ ಹಾಕಿಸಿದೆ. ಆದರೂ ಮೂತಿ ಮತ್ತು ಸ್ಟೀರಿಂಗು ಹಳೆಯವೇ ಅಲ್ವಾ.

ಇದನ್ನು ಮಾವನಿಗೆ ಅವತ್ತು ಹೇಳಿದೆ. ಸುಮ್ಮನೆ ಕೇಳಿದರು. ಆಮೇಲೆ ಎಡಪಕ್ಕೆಯ ಮೇಲೆ ಕೈ ಇಟ್ಟುಕೊಂಡು, "ಹಂಗಾರ ನೀನು ಇದನ್ನ ಯಾಕ ಇಟ್ಟೀ?" ಎಂದರು.

ಆಗ ಉತ್ತರ ಹೊಳೆಯಲಿಲ್ಲ.

ಮಳೆಗಾಲದಲ್ಲಿ ಅದೇ ಮಾವನಿಗಾಗಿ ಅದೇ ದಾರಿ ಹಿಡಿಯಬೇಕಾಯಿತು. ರಾತ್ರಿ ಹತ್ತೂವರೆಗೆ ಫೋನು ಬಂತು. ಉಸಿರು ಸಿಗುತ್ತಿಲ್ಲ, ಬಳ್ಳಾರಿಗೆ ಒಯ್ಯಬೇಕು. ಎಸ್‌ಯುವಿಯ ಕೀಲಿ ತಗೊಂಡೆ. ಪದ್ಮಿನಿಯ ಕಡೆ ನೋಡಲೂ ಇಲ್ಲ. ತುಂಗಭದ್ರಾ ಜಲಾಶಯದಿಂದ ಹೊಳೆಗೆ ಜಾಸ್ತಿ ನೀರು ಬಿಟ್ಟಿದ್ದರು. ನೀರು ತೀರಾ ಜಾಸ್ತಿಯಾದರೆ ಕಂಪ್ಲಿಯ ಸೇತುವೆ ಮುಳುಗುತ್ತದೆ, ಆ ದಾರಿ ಬಂದ್ ಆಗುತ್ತದೆ. ಕಡೇಬಾಗಿಲು ಮೇಲೆ ಸುತ್ತಿ ಬುಕ್ಕಸಾಗರದ ಸೇತುವೆ ದಾಟಿದೆವು. ಕಂಪ್ಲಿ ದಾಟಿದ ಮೇಲೆ ಮಳೆ ಜೋರಾಯಿತು. ಒಂದು ತಿರುವಿನಲ್ಲಿ, ಲೈಟು ಇಲ್ಲ, ಕೆಂಪು ಪಟ್ಟಿ ಇಲ್ಲ, ರಸ್ತೆಯ ಮೇಲೇ ಭತ್ತದ ಚೀಲದ ಟ್ರ್ಯಾಕ್ಟರ್ ಟ್ರೇಲರು ನಿಂತಿತ್ತು.

ಪೂರ್ತಿ ಬ್ರೇಕು ಒತ್ತಿದೆ. ಕಾಲ ಕೆಳಗೆ ಪೆಡಲು ಗಡಗಡ ನಡುಗಿತು. ಅದು ಎಬಿಎಸ್. ಚಕ್ರ ಪೂರ್ತಿ ಬಿಗಿಯದ ಹಾಗೆ ಬ್ರೇಕನ್ನು ಒಂದು ಸೆಕೆಂಡಿಗೆ ಎಷ್ಟೋ ಸಲ ಬಿಟ್ಟು ಹಿಡಿಯುತ್ತದೆ. ಚಕ್ರ ಬಿಗಿದರೆ ಗಾಡಿ ಜಾರುತ್ತದೆ, ಸ್ಟೀರಿಂಗು ತಿರುಗಿಸಿದರೂ ಮಾತು ಕೇಳುವುದಿಲ್ಲ. ಈ ಗಾಡಿ ಕೇಳಿತು. ಬಲಕ್ಕೆ ತಿರುಗಿಸಿದೆ, ತಿರುಗಿತು. ಟ್ರೇಲರಿನ ಮೂಲೆ ಅವ್ವನ ಕಿಟಕಿಯ ಪಕ್ಕದಲ್ಲೇ ಹಾದುಹೋಯಿತು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯ ಮಾಡಿದ್ದಾರೆ. ಆ ನಿಯಮ ತಂದವರಿಗೆ ಅವತ್ತು ರಾತ್ರಿ ಮನಸ್ಸಿನಲ್ಲೇ ಕೈ ಮುಗಿದೆ. ಪದ್ಮಿನಿಯ ಡ್ರಮ್ ಬ್ರೇಕಿನಲ್ಲಿ ಆ ಮಳೆಯಲ್ಲಿ ಏನಾಗುತ್ತಿತ್ತು ಅಂತ ಬರೆಯಲು ನನಗೆ ಧೈರ್ಯವಿಲ್ಲ. ಮಾವ ಬಳ್ಳಾರಿ ತಲುಪಿದರು. ಒಂದು ವಾರಕ್ಕೆ ಮನೆಗೂ ಬಂದರು.

ಇಷ್ಟಾದರೂ ಹೊಸ ಗಾಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಒಳಗಿರುವವರನ್ನು ಕಾಪಾಡುತ್ತದೆ. ಹೊರಗಿರುವವರ ಮಾತು ಬೇರೆ. ನಮ್ಮ ಓಣಿ ಇಕ್ಕಟ್ಟು. ಒಂದು ಬೆಳಿಗ್ಗೆ ಗಾಡಿ ಹೊರಡಿಸಬೇಕು ಅಂತ ಗೇರು ಹಾಕಿದೆ. ಎದುರುಮನೆ ಕಟ್ಟೆಯ ಮೇಲಿದ್ದ ಅಜ್ಜಿ ಎರಡೂ ಕೈ ಎತ್ತಿ ಕೂಗಿದರು. ಇಳಿದು ನೋಡಿದರೆ ಬಾನೆಟ್ಟಿನ ಮುಂದೆಯೇ ಪಕ್ಕದ ಮನೆಯ ಮಗು ಕುಕ್ಕರಗಾಲಲ್ಲಿ ಕೂತು ಗೋಲಿ ಆರಿಸುತ್ತಿತ್ತು. ನನಗೆ ಅದರ ತಲೆಯ ಒಂದು ಕೂದಲೂ ಕಂಡಿರಲಿಲ್ಲ. ಹಿಂದೆ ಕ್ಯಾಮೆರಾ ಇದೆ, ಸೆನ್ಸರ್ ಇದೆ. ಮುಂದೆ ಇಲ್ಲ. ಬಾನೆಟ್ಟೇ ಮಗುವಿಗಿಂತ ಎತ್ತರ. ಪದ್ಮಿನಿಯಲ್ಲಿ ಕೂತರೆ ಮೂತಿ ತಗ್ಗಾಗಿ ಇಳಿದಿರುತ್ತದೆ, ನೆಲ ಹತ್ತಿರದಿಂದಲೇ ಕಾಣುತ್ತದೆ. ಅವತ್ತು ಕೈಕಾಲಿನ ನಡುಕ ಸಂಜೆಯವರೆಗೂ ಇಳಿಯಲಿಲ್ಲ. ಈಗ ಹೊರಡುವ ಮೊದಲು ಒಂದು ಸುತ್ತು ಹಾಕಿಯೇ ಹತ್ತುತ್ತೇನೆ. ಎಸ್‌ಯುವಿ ಇರುವ ಎಲ್ಲರಿಗೂ ಇದೊಂದನ್ನು ಕೈ ಮುಗಿದು ಕೇಳುತ್ತೇನೆ: ಹತ್ತುವ ಮೊದಲು ಮುಂದೆ ಹೋಗಿ ನೋಡಿ.

ರಿಪೇರಿಯ ವಿಷಯದಲ್ಲೂ ಒಂದು ಬೇಸರ ಇದೆ. ಹೋದ ವರ್ಷ ಎಸ್‌ಯುವಿಯ ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಗಾಡಿ ಓಡುತ್ತಿತ್ತು, ಆದರೆ ಮೊದಲಿನ ಶಕ್ತಿ ಇಲ್ಲ. ಸರ್ವೀಸ್ ಸೆಂಟರಿನಲ್ಲಿ ಕಂಪ್ಯೂಟರ್ ಚುಚ್ಚಿ ನೋಡಿ, ಒಂದು ಸೆನ್ಸರ್ ಹೋಗಿದೆ, ತರಿಸಬೇಕು ಅಂದರು. ಮೂರು ದಿನ. ಸೆನ್ಸರ್ ಹೆಬ್ಬೆರಳಿನಷ್ಟಿತ್ತು. ಯಾಕೆ ಹೋಯಿತು ಅಂತ ಕೇಳಿದೆ. ಅದಕ್ಕೆ ಉತ್ತರ ಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಬದಲಾಯಿಸಿದರು, ದೀಪ ಆರಿತು, ಬಿಲ್ಲು ಬಂತು.

ನಮ್ಮ ಮಿಸ್ತ್ರಿ ಹೀಗಲ್ಲ. ಎಪ್ಪತ್ತರ ಆಸುಪಾಸಿನವರು. ಅಪ್ಪನ ಕಾಲದಿಂದ ಪದ್ಮಿನಿಯನ್ನು ಅವರೇ ನೋಡುತ್ತಾರೆ. ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ, ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಾರೆ. ಕಣ್ಣು ಮುಚ್ಚುತ್ತಾರೆ. ತುದಿಯನ್ನು ಒಂದು ಇಂಚು ಸರಿಸುತ್ತಾರೆ, ಮತ್ತೆ ಕೇಳುತ್ತಾರೆ. ನನಗೂ ಹಾಗೆ ಕೇಳಲು ಕಲಿಸಿದ್ದು ಅವರೇ. "ಗಾಡಿ ತನ್ನ ಬ್ಯಾನಿ ತಾನ ಹೇಳ್ತೈತಿ ತಂಗಿ. ನಾವು ಸುಮ್ನಿದ್ರ ಕೇಳಿಸ್ತೈತಿ." ವಾಲ್ವು ಸಡಿಲಾದರೆ ಟಿಕ್ ಟಿಕ್ ಅನ್ನುತ್ತದೆ. ಎಲ್ಲೋ ಗಾಳಿ ಎಳೆಯುತ್ತಿದ್ದರೆ ಸಣ್ಣಗೆ ಸೀಟಿ ಹೊಡೆಯುತ್ತದೆ. ಇವೆರಡರ ವ್ಯತ್ಯಾಸ ನನ್ನ ಕಿವಿಗೆ ಗೊತ್ತು.

ಮಾವನ ಪ್ರಶ್ನೆಗೆ ಉತ್ತರ ನನಗೆ ಅಲ್ಲಿ, ಆ ಗ್ಯಾರೇಜಿನಲ್ಲಿ ಸಿಕ್ಕಿತು. ನಾನು ಪದ್ಮಿನಿಯನ್ನು ಇಟ್ಟುಕೊಂಡಿರುವುದು ಅದು ಗಟ್ಟಿ ಅಂತಲ್ಲ. ಗಟ್ಟಿ ಅಲ್ಲ. ಮೈಲೇಜಿಗೂ ಅಲ್ಲ, ಆರಾಮಕ್ಕೂ ಅಲ್ಲ. ಅದಕ್ಕೆ ಏನಾದರೂ ಆದರೆ ನನ್ನ ಕೈಯಿಂದ ಏನಾದರೂ ಮಾಡಲು ಬರುತ್ತದೆ, ಅದಕ್ಕೆ. ನೀರು, ಬಟ್ಟೆ, ಸ್ಪ್ಯಾನರು, ಕಿವಿ. ಹೊಸ ಗಾಡಿ ನನ್ನನ್ನು ನೋಡಿಕೊಳ್ಳುತ್ತದೆ. ಹಳೆಯದನ್ನು ನಾನು ನೋಡಿಕೊಳ್ಳುತ್ತೇನೆ. ಅಪ್ಪ ನೋಡಿಕೊಂಡ ಹಾಗೇ. ಇಷ್ಟನ್ನು ಹೇಳಲು "ಆಗಿನ ಕಬ್ಬಿಣ" ಅನ್ನುವ ಸುಳ್ಳು ಬೇಕಿಲ್ಲ. ಆ ಮಾತು ನಂಬಿ ಯಾರಾದರೂ ರಾತ್ರಿ ಹೈವೇಯಲ್ಲಿ ಹಳೆಯ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೊರಟರೆ? ಅದೇ ನನ್ನ ಭಯ. ನಾನಂತೂ ಪದ್ಮಿನಿಯನ್ನು ಹಗಲಲ್ಲಿ, ಐವತ್ತರ ಒಳಗೆ, ಸಣ್ಣ ರಸ್ತೆಗಳಲ್ಲಿ ಮಾತ್ರ ಓಡಿಸುತ್ತೇನೆ. ಕೊಯ್ಲಿನ ಕಾಲದಲ್ಲಿ ಚಿಕ್ಕಜಂತಕಲ್ ಕಡೆ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿರುತ್ತಾರೆ. ಸುತ್ತ ಕಲ್ಲು ಇಟ್ಟಿರುತ್ತಾರೆ. ಆ ವೇಗದಲ್ಲಿ ಹೋದರೆ ಕಿಟಕಿಯಿಂದ ಭತ್ತದ ವಾಸನೆ ಬರುತ್ತದೆ, ಕಾಳು ತಿರುವಿ ಹಾಕುವ ಹೆಂಗಸರು ತಲೆ ಎತ್ತಿ ನೋಡಿ ನಗುತ್ತಾರೆ.

2028ರಲ್ಲಿ ಗಾಡಿಗೆ ಐವತ್ತು ತುಂಬುತ್ತದೆ. 2021ರಲ್ಲಿ ಬಂದ ನಿಯಮದ ಪ್ರಕಾರ, ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು. 20,000 ರೂಪಾಯಿ ಕಟ್ಟಿದರೆ 'ವಿಎ' ಅಕ್ಷರ ಇರುವ ಹೊಸ ನಂಬರು ಸಿಗುತ್ತದೆ. ಗೆಳತಿಯರು, ಮಾಡಿಸು, ಗೌರವ ಅಲ್ವಾ ಅನ್ನುತ್ತಾರೆ. ಆದರೆ ಆ ನಂಬರು ಬಂದರೆ ದಿನನಿತ್ಯದ ಓಡಾಟಕ್ಕೆ ರಸ್ತೆಗೆ ತರುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಅಂಥದ್ದಕ್ಕೆ ಮಾತ್ರ. ಮಾಮೂಲಿ ಆರ್‌ಸಿಯನ್ನೇ ಮುಂದುವರಿಸಬೇಕಾದರೆ ಐದು ವರ್ಷಕ್ಕೊಮ್ಮೆ ಕೊಪ್ಪಳದ ಆರ್‌ಟಿಒಗೆ ಹೋಗಬೇಕು. ಕಾರಿನ ನವೀಕರಣಕ್ಕೆ ಮೊದಲು 600 ರೂಪಾಯಿ ಇತ್ತು. 2022ರಲ್ಲಿ 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಹೊಗೆ ಜಾಸ್ತಿ, ಸುರಕ್ಷತೆ ಕಮ್ಮಿ, ಆದ್ದರಿಂದ ಶುಲ್ಕ ಜಾಸ್ತಿ ಅನ್ನುವುದು ನನಗೆ ಅರ್ಥವಾಗುತ್ತದೆ. ಆ ಹಣ ಕಟ್ಟುತ್ತೇನೆ. ಅಪ್ಪನ ಗಾಡಿ ಹಗ್ಗದ ಆಚೆ ನಿಲ್ಲುವುದು ಬೇಡ, ತರಕಾರಿಗೆ ಬರಬೇಕು, ಮಾವನ ಮನೆಗೆ ಬರಬೇಕು.

ಮುಂದಿನ ವಾರ ಬಳ್ಳಾರಿಗೆ ಹೋಗುವುದಿದೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು. ಹಳೆಯ ಗಾಡಿಗಳ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ, ಮೆತ್ತಗಾಗಿ ಬಿರುಕು ಬಿಡುತ್ತದೆ. ಎಲ್ಲ ಪೈಪುಗಳನ್ನೂ, ಪಂಪಿನೊಳಗಿನ ಪೊರೆಯನ್ನೂ ಬದಲಾಯಿಸಿಬಿಡೋಣ ಅಂತ ಮಿಸ್ತ್ರಿ ಹೇಳಿದ್ದಾರೆ. ಎಸ್‌ಯುವಿಯಲ್ಲೇ ಹೋಗುತ್ತೇವೆ. ಅವ್ವನೂ ಬರುತ್ತಾಳಂತೆ, ಮಣೆ ಡಿಕ್ಕಿಯಲ್ಲಿದೆ. ತರಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದೆ: ಪೈಪು ಎರಡು ಮೀಟರು, ಕ್ಲಿಪ್ಪು ಎಂಟು, ಪಂಪಿನ ಕಿಟ್ಟು, ಪೆಟ್ರೋಲ್ ಫಿಲ್ಟರು.

ಮಗ ಚೀಟಿ ತಗೊಂಡು ಓದಿದ. "ಬಟ್ಟೆ ಬೇಡ್ವಾ ಅಮ್ಮ? ಆಗಿನದು ನೂಲು ಬಿಟ್ಟಿತ್ತು" ಎಂದ.

ನಾನು ಏನೋ ಹೇಳುವುದರೊಳಗೆ ಒಳಗಿನ ಕೋಣೆಯಲ್ಲಿ ಅವ್ವ ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.